ಮಾರೂದೈತೋ, ಇಟ್ಕೊಳ್ಳೂದೈತೋ?

"ಮಾರೂದೈತೋ, ಇಟ್ಕೊಳ್ಳೂದೈತೋ? ಅದನ್ನ ಮೊದ್ಲ ಹೇಳ್ರಿ ಸರ್ರ."

ಹಳೆಯ ಕಾರಿನ ಡೆಂಟು ಎತ್ತಿಸಲು, ತುಕ್ಕು ತೆಗೆಸಲು ಹೋದವರಿಗೆ ನಮ್ಮ ಹುಬ್ಬಳ್ಳಿಯ ಒಳ್ಳೆಯ ಟಿಂಕರಿಂಗ್ ಮಿಸ್ತ್ರಿ ಕೇಳುವ ಮೊದಲ ಪ್ರಶ್ನೆ ಇದು. ಯಾವ ಬಣ್ಣ, ಎಷ್ಟು ರೊಕ್ಕ, ಯಾವಾಗ ಕೊಡುತ್ತೀರಿ ಎಂಬುದೆಲ್ಲ ಆಮೇಲಿನ ಮಾತು. ಮಾರುವ ಗಾಡಿಗೆ ಒಂದು ಕೆಲಸ, ಇಟ್ಟುಕೊಳ್ಳುವ ಗಾಡಿಗೆ ಬೇರೆಯದೇ ಕೆಲಸ. ಗ್ಯಾರೇಜಿನಿಂದ ಹೊರಬರುವಾಗ ಎರಡೂ ಒಂದೇ ಥರ ಹೊಳೆಯುತ್ತವೆ. ಒಂದು ಮಳೆಗಾಲ ಕಳೆದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಬಾಡಿ ಕೆಲಸದಲ್ಲಿ ಮೋಸ ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ. ತಗ್ಗು ತುಂಬುವ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ರೊಕ್ಕ ಬಡಿದುಕೊಂಡ ಅಂತ ಬೈಯುತ್ತಾರೆ. ನನಗೇನೋ ಆ ಪುಟ್ಟಿ ಬಹಳಷ್ಟು ಸಲ ಗಿರಾಕಿಯೇ ಕೇಳಿ ಮೆತ್ತಿಸಿಕೊಂಡದ್ದು ಅನ್ನಿಸುತ್ತದೆ. "ಅಷ್ಟ್ಯಾಕ್ರಿ, ಇಷ್ಟರಾಗ ಮುಗಸ್ರಿ" ಎಂದು ಚೌಕಾಶಿ ಮಾಡಿದಾಗ ಕಡಿತವಾಗುವುದು ತಗಡಿನ ಕೆಲಸ. ಬಣ್ಣದಲ್ಲಿ ಕಡಿಮೆ ಮಾಡಿ ಅಂತ ಯಾರೂ ಹೇಳುವುದಿಲ್ಲ, ಅದು ನಾಕು ಮಂದಿಗೆ ಕಾಣುವಂಥದ್ದು. ಬಾಗಿಲಿನ ಒಳಮಗ್ಗುಲು, ಮ್ಯಾಟಿನ ಅಡಿ, ಡಿಕ್ಕಿಯ ಮೂಲೆ ಯಾರಿಗೆ ಬೇಕು? ಹಾಗಾಗಿ ಕಾಣದ ಕಡೆ ಕೊಳೆತದ್ದು ಕೊಳೆತ ಹಾಗೇ ಉಳಿಯುತ್ತದೆ.

ನನ್ನ ಪಾಲಿಗೆ ಬಂದದ್ದು ಸೋದರಮಾವನ ಪ್ರೀಮಿಯರ್ ಪದ್ಮಿನಿ. ಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದವರು. ಗಾಡಿ 1991ರದ್ದು. ಬ್ಯಾಡಗಿ ಇರುವ ಹಾವೇರಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಹಾಗಾಗಿ ನಂಬರ್ ಪ್ಲೇಟಿನ ಮೇಲೆ ಇವತ್ತಿಗೂ ಧಾರವಾಡದ ಕೆಎ 25. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು. 1089 ಸಿಸಿ ಎಂಜಿನ್ನು, ಸ್ಟೇರಿಂಗಿನ ಪಕ್ಕಕ್ಕೇ ಗೇರು. ನಮ್ಮ ಕಡೆ ಅದನ್ನು ಪದ್ಮಿನಿ ಅಂದವರು ಕಡಿಮೆ, ಎಲ್ಲರಿಗೂ ಅದು ಫಿಯಾಟ್. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿಗೆ ರಸ್ತೆಯಿಂದ ಪೂರ್ತಿ ಮರೆಯಾದಾಗ ಪೇಪರಿನಲ್ಲಿ ಬಂದ ಫೋಟೊ ನೋಡಿ ಮಾಮಿ ಫೋನ್ ಮಾಡಿದರು. "ನಮ್ಮದು ಶೆಡ್ಡಿನ್ಯಾಗ ನಿಂತು ನಿಂತು ಹಾಳಾಗಾಕತ್ತೈತಿ, ನೀನರ ಒಯ್ಯೋ" ಅಂದರು.

ಎಂಜಿನ್ನಿಗೆ ಹುಬ್ಬಳ್ಳಿಯಲ್ಲಿ ಕೈ ಬೇಕಾದಷ್ಟಿವೆ. ಬಿಚ್ಚಿದರೆ ರೋಗ ಗೊತ್ತಾಗುತ್ತದೆ, ಪಾರ್ಟು ಸಿಕ್ಕರೆ ಮುಗಿಯಿತು. ಬಾಡಿಯದು ಹಾಗಲ್ಲ. ಜೀಪಿಗೋ ಲಾರಿಗೋ ಕೆಳಗೆ ಬೇರೆ ಚಾಸಿ ಇರುತ್ತದೆ, ಮೇಲಿನ ತಗಡು ಹೋದರೂ ಗಾಡಿ ನಿಲ್ಲುತ್ತದೆ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಭಾರ ಹೊರುವುದು ಬಾಡಿಯೇ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ ತುಕ್ಕು ತಿಂದಿತೆಂದರೆ ಮೊದಲು ಬಾಗಿಲು ಸರಿಯಾಗಿ ಕೂಡುವುದಿಲ್ಲ. ಆಮೇಲೆ ಒಂದು ದಿನ ಪಂಕ್ಚರ್ ಆದಾಗ ಜಾಕ್ ಹಚ್ಚಿದರೆ, ಗಾಡಿ ಏಳುವ ಬದಲು ಜಾಕೇ ತಗಡಿನೊಳಗೆ ಹೊಕ್ಕುಬಿಡುತ್ತದೆ.

ನಾನು ಗಾಡಿ ಕೊಟ್ಟದ್ದು ಹಳೇ ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯ ಮಿಸ್ತ್ರಿಗೆ. ಹುಡುಗರಿಗೆ ಅವರು ಉಸ್ತಾದ್, ನಮ್ಮಂಥವರಿಗೆ ಚಾಚಾ. ಚಾಚಾ ಗಾಡಿಯ ಸುತ್ತ ಒಂದು ಸುತ್ತು ಬಂದರು. ಕೈಯಲ್ಲಿ ಒಂದು ಸ್ಕ್ರೂಡ್ರೈವರು, ಅದನ್ನು ತಿರುವಿ ಹಿಡಿದು ಹಿಡಿಕೆಯಿಂದ ತಟ್ಟುತ್ತಾ ಹೋದರು. ಬಾನೆಟ್ಟಿನ ಮೇಲೆ ಠಣ್ ಠಣ್. ಮುಂದಿನ ಮಡ್‌ಗಾರ್ಡಿನ ಮೇಲೂ ಠಣ್. ಎಡಬಾಗಿಲಿನ ಕೆಳಗೆ ಬಂದಾಗ ದಬ್ ದಬ್. ಅಲ್ಲಿ ಬಣ್ಣ ಚೂರೂ ಕಿತ್ತಿರಲಿಲ್ಲ, ಸಾಸಿವೆ ಕಾಳಿನಷ್ಟು ನಾಲ್ಕಾರು ಗುಳ್ಳೆ ಎದ್ದಿದ್ದವು, ಅಷ್ಟೇ. ಸ್ಕ್ರೂಡ್ರೈವರು ತಿರುಗಿಸಿ ಮೊನೆಯಿಂದ ಒಂದು ಗುಳ್ಳೆಯನ್ನು ಒತ್ತಿದರು. ಮೊನೆ ಸಲೀಸಾಗಿ ಒಳಗೆ ಹೋಯಿತು, ಕಂದು ಪುಡಿ ಉದುರಿತು.

"ಒಳಗಿಂದ ತಿಂದೈತ್ರಿ. ಬಣ್ಣದ ಮ್ಯಾಲ ನಿಂತೈತಿ ಬಾಗಲಾ."

ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ಕೆಲಸ ಮುಗಿದೇ ಹೋಗಿರುತ್ತದೆ. ಕಬ್ಬಿಣ, ನೀರು, ಗಾಳಿ ಮೂರೂ ಕೂಡಿದರೆ ತುಕ್ಕು. ಹುಟ್ಟಿದ ತುಕ್ಕಿಗೆ ಮೂಲದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಹಾಗಾಗಿ ಮೇಲಿನ ಬಣ್ಣವನ್ನು ಎತ್ತುತ್ತದೆ. ಅಲ್ಯುಮಿನಿಯಮ್ಮಿಗೂ ಇಂಥ ಪದರ ಬರುತ್ತದೆ, ಆದರೆ ಅದು ಗಟ್ಟಿಯಾಗಿ ಅಂಟಿ ಕೂತು ಕೆಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲು, ತೂತುತೂತು. ಉದುರಿದಷ್ಟೂ ಹೊಸ ಕಬ್ಬಿಣ ಬಾಯಿತೆರೆಯುತ್ತದೆ, ಉದುರದೆ ಉಳಿದದ್ದು ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಸೇರಿದರಂತೂ ಕೇಳುವುದೇ ಬೇಡ. ಚಾಚಾ ಕಾರವಾರ, ಅಂಕೋಲಾ ಕಡೆಯ ಗಾಡಿ ಬಂದರೆ ನಂಬರು ನೋಡುವ ಮೊದಲೇ ಹೇಳುತ್ತಾರೆ. ಅರಬೈಲು ಘಟ್ಟದ ಕೆಳಗೆ ಇದ್ದು ಬಂದ ಗಾಡಿಯ ಅಡಿಭಾಗವೇ ಬೇರೆ ಬಣ್ಣ.

ನಮ್ಮ ಬಯಲುಸೀಮೆ ಅಂಚಿನ ಊರುಗಳಿಗೆ ಸಮುದ್ರದ ಕಾಟ ಇಲ್ಲ. ನಮ್ಮದೇನಿದ್ದರೂ ಎರಿ ಮಣ್ಣು, ಅಂಟುವ ಕಪ್ಪು ಮಣ್ಣು. ಮಳೆಗಾಲದಲ್ಲಿ ಬ್ಯಾಡಗಿ, ಗದಗ, ನವಲಗುಂದ ಕಡೆಯ ಹೊಲದ ದಾರಿಯಲ್ಲಿ ಒಮ್ಮೆ ಹೋಗಿ ಬಂದರೆ ಗಾಲಿಯ ಮೇಲಿನ ಕಮಾನಿನ ಒಳಗೆ ಆ ಮಣ್ಣು ಮೆತ್ತಿಕೊಳ್ಳುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ವಾರಗಟ್ಟಲೆ ಹಸಿ. ನೀರು ಹೊಡೆದು ಗಾಡಿ ತೊಳೆಯುವವರು ಹೊರಮೈ ತೊಳೆದು, ಒಳಗಿನ ಮಣ್ಣಿಗೆ ಮತ್ತಷ್ಟು ನೀರು ಕುಡಿಸಿ ಕಳಿಸುತ್ತಾರೆ.

ಬಾಗಿಲಿನದು ಇನ್ನೊಂದು ಕಥೆ. ಗ್ಲಾಸಿನ ರಬ್ಬರಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಕಾರು ಮಾಡಿದವರಿಗೂ ಅದು ಗೊತ್ತು. ಅದಕ್ಕೇ ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತು ಬಿಟ್ಟಿರುತ್ತಾರೆ. ಧೂಳು, ಎಲೆ, ರಬ್ಬರಿನ ಚೂರು ಸೇರಿ ತೂತು ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತದೆ. ಅಂಡರ್‌ಕೋಟಿಂಗ್ ಅಂತ ಡಾಂಬರಿನಂಥದ್ದನ್ನು ಕೈಗೆ ಬಂದ ಹಾಗೆ ಬಳಿದಾಗಲೂ ಈ ತೂತುಗಳು ಮುಚ್ಚಿಹೋಗುತ್ತವೆ. ತುಕ್ಕು ಬರಬಾರದು ಅಂತ ರೊಕ್ಕ ಕೊಟ್ಟು ಮಾಡಿಸಿದ ಕೆಲಸದಿಂದಲೇ ತುಕ್ಕು!

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರಿಗೆ ಇಲ್ಲೇ ಒಂದು ಮಾತು. ಹಳೆಯ ಸ್ಪೀಕರಿನ ಅಯಸ್ಕಾಂತದ ಚೂರನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಲ್ಲಿಟ್ಟುಕೊಳ್ಳಿ. ಬಾಗಿಲಿನ ಕೆಳಗೆ, ಹಿಂದಿನ ಗಾಲಿಯ ಕಮಾನಿನ ಅಂಚಿಗೆ ಹಚ್ಚಿ ನೋಡಿ. ತಗಡಿದ್ದಲ್ಲಿ ಕಚ್ಚಿಕೊಳ್ಳುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರುತ್ತದೆ. ಮಾರುವವನ ಮುಖವನ್ನೂ ಒಮ್ಮೆ ನೋಡಿ.

ಹಾಗಂತ ಪುಟ್ಟಿಯನ್ನು ಬೈಯುವುದು ನನಗೆ ಸರಿಬರುವುದಿಲ್ಲ. ಪಾಲಿಯೆಸ್ಟರ್ ಪುಟ್ಟಿ ಒಳ್ಳೆಯ ವಸ್ತು. ಸುತ್ತಿಗೆಯಿಂದ ಎಷ್ಟೇ ತಿದ್ದಿದರೂ ಉಳಿಯುವ ಕೂದಲೆಳೆಯ ಏರುತಗ್ಗನ್ನು ತುಂಬಲು ಅದು ಬೇಕೇಬೇಕು. ಅದು ಗಟ್ಟಿಯಾಗಲು ಕಲಸುವ ಹಾರ್ಡ್‌ನರ್ ನೂರಕ್ಕೆ ಎರಡು ಪಾಲಿನಷ್ಟು ಸಾಕು. ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೂ ಕಡಿಮೆ, ಇಲ್ಲದಿದ್ದರೆ ಹಲಗೆಯಿಂದ ಬಾಗಿಲಿಗೆ ಬರುವಷ್ಟರಲ್ಲೇ ಕಲ್ಲಾಗುತ್ತದೆ. ಸಾಮಾನ್ಯವಾಗಿ ಮೂರು ಮಿಲಿಮೀಟರಿಗಿಂತ ದಪ್ಪ ಹಾಕಬಾರದು. ಅದರಲ್ಲಿ ಸೇರಿಸುವ ಟಾಲ್ಕ್ ಪುಡಿಗೆ ಹಸಿ ಹೀರುವ ಗುಣವಿದೆ. ತೂತು ಬಿದ್ದ ತಗಡಿಗೆ ಹಿಂದೆ ಜಾಳಿಗೆ ಕೊಟ್ಟು ಪುಟ್ಟಿ ತುಂಬಿದರೆ, ಹಿಂಭಾಗದಿಂದ ನೀರು ಹೀರಿ ಹೀರಿ ಅದು ಸುತ್ತಲಿನ ಒಳ್ಳೆಯ ತಗಡಿಗೂ ತುಕ್ಕು ಹಚ್ಚುತ್ತದೆ. ಮಾರುವವನಿಗೆ ಅಷ್ಟು ದಿನ ಕಾಯುವ ಕಾರಣವಿಲ್ಲ.

ನಮ್ಮ ಗಾಡಿಯ ಬಲಗಡೆ ಹಿಂಬಾಗಿಲಿಗೆ ಒಂದು ದೊಡ್ಡ ಡೆಂಟು ಇತ್ತು. ಬ್ಯಾಡಗಿ ಎಪಿಎಂಸಿಯಲ್ಲಿ ಎತ್ತಿನ ಗಾಡಿಯ ನೊಗ ತಾಗಿದ್ದಂತೆ. ಅದನ್ನು ಎತ್ತುವುದನ್ನು ನಾನು ಕೂತು ನೋಡಿದೆ, ರಜೆ ಹಾಕಿ ನೋಡಿದೆ ಅಂದರೂ ಸರಿ.

ಡೆಂಟ್ ಅಂದರೆ ತಗ್ಗು ಅಂತ ನಾವು ತಿಳಿದಿರುತ್ತೇವೆ. ಹಿಂದಿನಿಂದ ಬಡಿದರೆ ಮುಂದೆ ಬಂತು, ಮುಗಿಯಿತು ಅನ್ನಿಸುತ್ತದೆ. ಚಾಚಾ ತಗ್ಗಿನ ತಂಟೆಗೇ ಮೊದಲು ಹೋಗಲಿಲ್ಲ. ಬಾಗಿಲಿನ ಒಳಪ್ಯಾಡು ಬಿಚ್ಚಿಸಿ, ಹೊರಮೈ ಮೇಲೆ ಅಂಗೈ ಇಟ್ಟು ಉದ್ದಕ್ಕೆ ಸವರುತ್ತಾ ಹೋದರು, ಕಣ್ಣು ಮಾತ್ರ ರಸ್ತೆಯ ಕಡೆ. ಕೈಗೂ ತಗಡಿಗೂ ನಡುವೆ ಒಂದು ಹಳೆಯ ಬನಿಯನ್ ಬಟ್ಟೆ. ಬೆವರಿನ ಕೈ ತಗಡಿಗೆ ತಡೆಯುತ್ತದೆ, ಬಟ್ಟೆಯಿದ್ದರೆ ಜಾರುತ್ತದೆ, ಸಣ್ಣ ಏರುತಗ್ಗೂ ಗೊತ್ತಾಗುತ್ತದೆ. ತಗ್ಗಿನ ಸುತ್ತ ಬೆರಳಗಲದ ಒಂದು ಏರು ಇತ್ತು. ಸೀಮೆಸುಣ್ಣದಲ್ಲಿ ಗೆರೆ ಎಳೆದರು. ತಗಡು ಒಳಗೆ ಹೋಗುವಾಗ ಅಂಚಿನಲ್ಲಿ ಮಡಿಕೆ ಬಿದ್ದು ಗಡಸಾಗಿರುತ್ತದೆ, ಡೆಂಟನ್ನು ಹಿಡಿದಿಟ್ಟಿರುವುದು ಆ ಮಡಿಕೆಯೇ. ಪೆಟ್ಟು ಬಿದ್ದಾಗ ಕೊನೆಗೆ ಆದದ್ದನ್ನು ಮೊದಲು ಬಿಡಿಸಬೇಕು, ಮೊದಲು ಆದದ್ದನ್ನು ಕೊನೆಗೆ.

ತಗ್ಗಿನ ಹಿಂದೆ ಎಡಗೈಯಲ್ಲಿ ಡಾಲಿ ಎಂಬ ನುಣುಪಾದ ಉಕ್ಕಿನ ಗಟ್ಟಿ ಒತ್ತಿ ಹಿಡಿದು, ಬಲಗೈ ಸುತ್ತಿಗೆಯಿಂದ ಹೊರಗಿನ ಏರಿನ ಮೇಲೆ ಹಗುರವಾಗಿ ಬಡಿಯತೊಡಗಿದರು. ಸುತ್ತಿಗೆ ಒಂದು ಕಡೆ, ಡಾಲಿ ಇನ್ನೊಂದು ಕಡೆ. ಏರು ಇಳಿದ ಹಾಗೆಲ್ಲ ಹಿಂದಿನ ಒತ್ತಿಗೆ ತಗ್ಗು ತಾನಾಗಿ ಎದ್ದು ಬರುತ್ತದೆ. ನೇರ ಡಾಲಿಯ ಮೇಲೆಯೇ ಬಡಿದರೆ ತಗಡು ಎರಡು ಉಕ್ಕಿನ ನಡುವೆ ಸಿಕ್ಕು ತೆಳುವಾಗಿ ಹಿಗ್ಗುತ್ತದೆ. ಹಿಗ್ಗಿದ ತಗಡು ಎಲ್ಲೂ ಹಿಡಿಸುವುದಿಲ್ಲ. ಒತ್ತಿದರೆ ಟಪ್ ಅಂತ ಒಳಗೆ, ಬಿಟ್ಟರೆ ಟಪ್ ಅಂತ ಹೊರಗೆ. ಕೈ ಬಲಿಯದ ಹುಡುಗರು ಹೆಚ್ಚು ಕೆಡಿಸುವುದು ಇಲ್ಲಿಯೇ, ಜೋರಾಗಿ ಬಡಿದು. ಅಂದಹಾಗೆ ಚಾಚಾ ಹತ್ತಿರ ಕಂಪನಿಯ ಡಾಲಿ ಒಂದೆರಡಿವೆ, ಕೆಲಸ ಹೆಚ್ಚು ಮಾಡುವುದು ರೈಲು ಹಳಿಯ ತುಂಡುಗಳು. 1885ರಿಂದ ರೈಲ್ವೆ ವರ್ಕ್‌ಶಾಪ್ ಇರುವ ಊರು ಇದು. ಇಲ್ಲಿಯ ಕಬ್ಬಿಣದ ಕೈಗಳಿಗೆ ಹಳಿಯ ತುಂಡು ಸಿಗುವುದೇನು ದೊಡ್ಡದಲ್ಲ. ಹಳಿಯ ತಲೆಯ ಉಬ್ಬು ಒಂದು ಬಗೆಯ ತಿರುವಿಗೆ, ಅದರ ಅಂಚು ಇನ್ನೊಂದಕ್ಕೆ. ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಇಟ್ಟಿದ್ದಾರೆ. ಡಾಲಿಯ ಮೇಲೆ ಒಂದು ಗೀರಿದ್ದರೂ ಅದು ತಗಡಿಗೆ ಅಚ್ಚಾಗುತ್ತದೆ.

ನಡುವೆ ಒಂದು ಕಡೆ ತಗಡು ಹಿಗ್ಗಿಯೇ ಇತ್ತು, ಹಿಂದೆ ಯಾರೋ ಬಡಿದಿದ್ದರು. ಅದಕ್ಕೆ ಗ್ಯಾಸ್ ಹಚ್ಚಿದರು. ಎಂಟಾಣೆ ನಾಣ್ಯದಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಹಿಂದೆ ಡಾಲಿ ಕೊಟ್ಟು ಸುತ್ತಲೂ ಒಂದೆರಡು ಮೆತ್ತನೆಯ ಪೆಟ್ಟು, ತಕ್ಷಣ ಒದ್ದೆ ಬಟ್ಟೆ. ಚುಂಯ್ ಅಂದಿತು. ಕಾದ ಕಬ್ಬಿಣ ಹಿಗ್ಗಬೇಕು, ಆದರೆ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ, ಹಾಗಾಗಿ ಇದ್ದಲ್ಲೇ ದಪ್ಪವಾಗುತ್ತದೆ. ತಣಿಯುವಾಗ ಕುಗ್ಗಿ ಸುತ್ತಲಿನದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಟಪ್ ಟಪ್ ಸದ್ದು ನಿಂತಿತು. ಹಿಗ್ಗಿದ್ದನ್ನು ಬೆಂಕಿ ಹಚ್ಚಿ ಕುಗ್ಗಿಸುವುದನ್ನು ಎದುರಿಗೆ ಕೂತು ನೋಡಿದರೂ ಮನಸ್ಸು ಒಪ್ಪುವುದು ತಡ.

ಆ ಗ್ಯಾಸು ಕಾರ್ಬೈಡಿನದು. ಡ್ರಮ್ಮಿನಲ್ಲಿ ಕಾರ್ಬೈಡ್ ಹಾಕಿ ನೀರು ಬಿಟ್ಟರೆ ಅಸಿಟಿಲೀನ್, ಜೊತೆಗೆ ಬೆಳ್ಳುಳ್ಳಿಯಂಥ ನಾತ. ಮಾವಿನಹಣ್ಣನ್ನು ಕಳ್ಳತನದಿಂದ ಹಣ್ಣು ಮಾಡಲು ಕೆಲವರು ಇಡುವುದೂ ಇದನ್ನೇ. ಧಾರವಾಡದ ಆಪೂಸು ಪೆಟ್ಟಿಗೆಯಲ್ಲಿ ಆ ವಾಸನೆ ಬಂದರೆ ವಾಪಸು ಕೊಟ್ಟು ಬನ್ನಿ.

ಡಿಕ್ಕಿಯ ಕೆಲಸದ ದಿನ ಬೇರೆಯದೇ ನಾತ. ಸ್ಟೆಪ್ನಿಯ ಅಡಿಯ ತಗಡು ಪೂರ್ತಿ ಹೋಗಿತ್ತು, ಅದನ್ನು ಕತ್ತರಿಸಿ ತೆಗೆದಿದ್ದಾಯಿತು. ಮೂಲೆಯ ಮಡಿಕೆಗೆ ಬೆಂಕಿ ತಾಗಿಸಿದ ಅರೆಗಳಿಗೆಗೆ ಹುಡುಗ ಕೆಮ್ಮುತ್ತಾ ಹೊರಗೆ ಓಡಿದ. ಹಿಂದೆ ನಾನು, ನನ್ನ ಹಿಂದೆ ಚಾಚಾ, ಪಕ್ಕದ ಸೀಟ್ ಕವರಿನ ಅಂಗಡಿಯವರೂ. ಮಾವ ಮೂವತ್ತು ವರ್ಷ ಸ್ಯಾಂಪಲ್ ಚೀಲ ಹೊತ್ತ ಗಾಡಿ ಅದು. ಸಂದಿಗೊಂದಿಯಲ್ಲೆಲ್ಲ ಮೆಣಸಿನಕಾಯಿಯ ಬೀಜ, ಪುಡಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಬರೆಯುವವರು ಅವತ್ತು ಅಲ್ಲಿರಬೇಕಿತ್ತು. ಆಮೇಲೆ ಕಂಪ್ರೆಸರ್ ಗಾಳಿ ಹೊಡೆದು, ನೀರು ಬಿಟ್ಟು, ಒಣಗಿಸಿ ಕೆಲಸ ಮುಂದುವರಿಸಿದ್ದು.

ತೂತು ಬಿದ್ದ ತಗಡಿಗೆ ಕತ್ತರಿಸುವುದೊಂದೇ ದಾರಿ. ತುಕ್ಕು ಕಾಣುವ ಗೆರೆಗೆ ಕತ್ತರಿಸಿದರೆ ಸಾಲದು, ಗ್ರೈಂಡರ್ ಹಚ್ಚಿದಾಗ ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೆ ಹೋಗಬೇಕು. ಅಂಗೈಯಷ್ಟು ಅಂದುಕೊಂಡದ್ದು ಊಟದ ತಟ್ಟೆಯಷ್ಟಾಗುವುದು ಹೀಗೆ. ಪದ್ಮಿನಿಗೆ ಸಿದ್ಧ ತುಂಡು ಸಿಗುವ ಕಾಲ ಹೋಯಿತು. ರಟ್ಟಿನಲ್ಲಿ ಆಕಾರ ಕತ್ತರಿಸಿ, ಅದನ್ನು 20 ಗೇಜಿನ ಸಿ.ಆರ್. ಶೀಟಿನ, ಅಂದರೆ ಲೇಪವಿಲ್ಲದ ಉಕ್ಕಿನ ತಗಡಿನ, ಮೇಲೆ ಇಟ್ಟು ಗೀರಿ, ಕತ್ತರಿಸಿ, ಅಂಚು ಮಡಚಿ ಕೂಡಿಸುತ್ತಾರೆ. ಮಾಳಿಗೆಗೆ ಹಾಕಿ ಉಳಿದ ಜಿ.ಐ. ಶೀಟು ಮನೆಯಲ್ಲಿತ್ತು, ತರಲೇ ಅಂತ ಕೇಳಿದೆ. ಚಾಚಾ ಬೇಡ ಅಂದರು. ಅದರ ಮೇಲಿನ ಸತುವು ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ, ಕುಡಿದವನಿಗೆ ರಾತ್ರಿ ಚಳಿಜ್ವರ. ಬೆಸುಗೆಯನ್ನೂ ಒಂದೇ ಸಮನೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ತಣಿಯಲು ಬಿಡುವು. ಒಂದೇ ಕಡೆ ಕಾದರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ತೂತು ಬೀಳದೆ ಮೇಲುಮೇಲೆ ತುಕ್ಕು ಹಿಡಿದ ಕಡೆ ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚಿದರು. ಅದು ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಬದಲಿಸುತ್ತದೆ. ಆದರೆ ಪೊರೆ ಎದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆಯದೆ ಬಳಿದರೆ ಆಸಿಡ್ ಮೇಲೇ ಒಣಗಿ ಕೂಡುತ್ತದೆ. ಬಾಟಲಿಯ ಮೇಲಿನ ಜಾಹೀರಾತು ನೋಡಿ ಕೆರೆಯುವ ಕೆಲಸ ತಪ್ಪಿತು ಅಂದುಕೊಳ್ಳುವವರೇ ಬಹಳ.

ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ಪದರ ಆದಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ಹಾರಿಸಿ, ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ ಉಜ್ಜುತ್ತಾರೆ. ಏರಿನ ಮೇಲಿನ ಕಪ್ಪು ಹೋಗುತ್ತದೆ, ತಗ್ಗಿನದು ಉಳಿಯುತ್ತದೆ. 180, 320, 600, ಹೀಗೆ ಪೇಪರು ನುಣುಪಾದಂತೆ ಅದರ ನಂಬರು ಏರುತ್ತಾ ಹೋಗುತ್ತದೆ, ಹುಡುಗನ ಬೆರಳ ತುದಿ ಸವೆಯುತ್ತಾ ಹೋಗುತ್ತದೆ. ಕೊನೆಗೆ ಬಾಗಿಲಿಗೆ ಒಂದು ಚೊಂಬು ನೀರು ಸುರಿದು, ಒದ್ದೆ ಮೈಯಲ್ಲಿ ಟ್ಯೂಬ್‌ಲೈಟಿನ ನೆರಳು ನೋಡಿದರು. ನೊಗ ತಾಗಿದ್ದ ಜಾಗದಲ್ಲಿ ಗೆರೆ ಚೂರು ಬಾಗಿತು. ನನಗೆ ಕಂಡದ್ದು ಅವರು ಬೆರಳಿಟ್ಟು ತೋರಿಸಿದ ಮೇಲೆ. ಇನ್ನೊಂದು ಸಲ ಪುಟ್ಟಿ, ಇನ್ನೊಂದು ಸಲ ಪೇಪರು.

ಆಷಾಢದ ಜಿಟಿಜಿಟಿ ಹಿಡಿದಿದ್ದರಿಂದ ಬಣ್ಣ ಅಲ್ಲಿಗೇ ನಿಂತಿತು. ಥಿನ್ನರ್ ಆರುವಾಗ ತಗಡಿನ ಮೈ ತಣ್ಣಗಾಗುತ್ತದೆ, ಗಾಳಿಯ ಹಸಿ ಅದರ ಮೇಲೆ ಕೂತು ಬಣ್ಣದಲ್ಲಿ ಹಾಲು ಚೆಲ್ಲಿದ ಹಾಗೆ ಬಿಳುಪು ಹಿಡಿಯುತ್ತದೆ. ಗಾಡಿ ಸದ್ಯ ಪ್ರೈಮರಿನಲ್ಲಿದೆ. ಪ್ರೈಮರ್ ಬಣ್ಣದ ಕೆಲಸ ಮಾಡುವುದಿಲ್ಲ, ಅದಕ್ಕೂ ನೀರು ಇಳಿಯುತ್ತದೆ, ಹಾಗಾಗಿ ಅದು ಶೆಡ್ಡಿನಿಂದ ಹೊರಬರುವಂತಿಲ್ಲ. ಬಾಗಿಲ ಕೆಳಗಿನ ಪಟ್ಟಿಯೊಳಗೆ ಎಣ್ಣೆ-ಮೇಣದ ಮಿಶ್ರಣ ಹೊಡೆಯುವುದು ಬಣ್ಣ ಮುಗಿದ ಮೇಲೆ. ಮೊದಲೇ ಹೊಡೆದರೆ ಜಿನುಗಿದ ಎಣ್ಣೆಯ ಮೇಲೆ ಬಣ್ಣ ಹಿಡಿಯುವುದಿಲ್ಲ.

ಇದಕ್ಕೆಲ್ಲ ಹಾಕಿದ ರೊಕ್ಕ ಮಾರಿದರೆ ಬರುವುದಿಲ್ಲ, ಅದನ್ನು ಮಿಸ್ತ್ರಿಯೇ ಮೊದಲು ಹೇಳಿದ್ದರು. ಆರ್‌ಸಿ ರಿನ್ಯೂವಲ್ ಬೇರೆ. ಹದಿನೈದು ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, ಇಪ್ಪತ್ತು ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು.

ಬಣ್ಣ ಯಾವುದು ಎಂಬ ತಕರಾರು ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮಾಮಿಗೆ ಮೊದಲಿನ ಕೆನೆ ಬಣ್ಣವೇ ಬೇಕು. ತಮ್ಮ ಕಪ್ಪು ಅನ್ನುತ್ತಾನೆ, ಫೋನಿನಲ್ಲಿ ಫೋಟೊ ತೋರಿಸುತ್ತಾನೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಆರ್‌ಟಿಒಗೆ ಇನ್ನೊಂದು ಓಡಾಟ. ಚಾಚಾ ಕಪ್ಪಿಗೆ ಒಪ್ಪುತ್ತಲೇ ಇಲ್ಲ. ಹೊಳೆಯುವ ಕಪ್ಪಿನಲ್ಲಿ ತಗಡಿನ ಒಂದೊಂದು ಅಲೆಯೂ ಕಾಣುತ್ತದೆ, ಕೆನೆ ಬಣ್ಣ ಬಹಳಷ್ಟನ್ನು ನುಂಗಿಕೊಳ್ಳುತ್ತದೆ.

"ಕರೇ ಬಣ್ಣ ಬೇಕಂದ್ರ ಮತ್ತ ಮದ್ಲಿಂದ ಉಜ್ಜಬೇಕಾಗ್ತೈತ್ರಿ. ಅದರ ರೊಕ್ಕಾ ನಿಮ್ಮ ತಮ್ಮ ಕೊಡ್ತಾರಂದ್ರ ಹೇಳ್ರಿ, ನಾಳೆನ ಸುರು ಮಾಡ್ತೀನಿ."

ತಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.